ನಡೆಯುವವರಿಗೂ ಸೈಕಲ್ಲಿಗೂ ಒಂದು ದಾರಿ

ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಹೊತ್ತು ಒಂದು ಗಳಿಗೆ ನಿಂತು ನೋಡಿ. ನಡುವೆ ಲಾರಿ, ಬಸ್ಸು. ಅಂಚಿನಲ್ಲಿ ಹೊಲಕ್ಕೆ ನಡೆಯುವವರು, ಸೈಕಲ್ ತುಳಿಯುವ ಶಾಲೆಯ ಮಕ್ಕಳು. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಸೈಕಲ್ಲಿನೊಡನೆ ದಾರಿಯೂ ಬರಬೇಕಲ್ಲವೆ?

ಕೂಡುದಾರಿ ಎಂದರೆ ಮೋಟಾರು ಬಾರದ, ನಡೆಯುವವರೂ ಸೈಕಲ್ ಸವಾರರೂ ಹಂಚಿಕೊಳ್ಳುವ ದಾರಿ. ಕೆರೆಯ ಏರಿ, ಹಳೆಯ ಬಂಡಿಜಾಡು, ಸುವರ್ಣಾವತಿಯ ಕಾಲುವೆಗಳಂಥವುಗಳ ದಂಡೆ ಇದಕ್ಕೆ ತಕ್ಕ ನೆಲೆ. ಇಬ್ಬರು ಜೊತೆಯಾಗಿ ನಡೆಯುವಾಗ ಒಂದು ಸೈಕಲ್ ದಾಟುವಷ್ಟು, ಎಂದರೆ ಸುಮಾರು 3 ಮೀಟರ್ ಅಗಲವಿದ್ದರೆ ಸಾಕು. ತಿರುವಿನಲ್ಲಿ ಎದುರಿನವರು ಕಾಣುವಂತೆ ಪೊದೆ ಸವರಿರಬೇಕು. ಸವಾರನು ದೂರದಿಂದಲೇ ಗಂಟೆ ಬಾರಿಸಿ ವೇಗ ತಗ್ಗಿಸಬೇಕು. ಮೊದಲ ಹಕ್ಕು ನಡೆಯುವವರದು.

ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ, ಬಂಡೀಪುರದ ಕಾಡಿನಲ್ಲಿ ಮಾತ್ರ ಈ ಲೆಕ್ಕ ಸಲ್ಲದು. ಅದು ಆನೆ ಹುಲಿಗಳು ಓಡಾಡುವ ನೆಲ. ಅವುಗಳ ಸಲುವಾಗಿಯೇ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯ ಸಂಚಾರಕ್ಕೆ ತಡೆ ಬಂದಿತು. ನಮ್ಮ ಕೂಡುದಾರಿ ಕಾಡಂಚಿಗಿಂತ ಈಚೆಗೇ ನಿಲ್ಲಲಿ.

ಕಾಡಿನ ಮೃಗಕ್ಕೆ ನಿರ್ಭಯದ ದಾರಿಯನ್ನು ಯೋಚಿಸಿದ ನಾಡು, ಶಾಲೆಗೆ ಹೋಗುವ ಮಗುವಿಗೂ ಅದನ್ನು ಯೋಚಿಸುವುದು ನ್ಯಾಯ.