ಮರುಭೂಮಿಯ ಗಾಳಿ, ಕಣ್ಣೊಳಗಿನ ಮಸೂರ

(ಬಾನುಲಿ ಭಾಷಣ)

ಮಸೂರವೆಂಬುದು ಅಡಿಗೆಮನೆಯಿಂದ ವಿಜ್ಞಾನಕ್ಕೆ ಬಂದ ಪದ. ನಾವು ಚನ್ನಂಗಿ ಬೇಳೆ ಎಂದು ಕರೆಯುವ ಕಾಳಿಗೆ ಸಂಸ್ಕೃತದಲ್ಲಿ ಮಸೂರವೆಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿಗೆ 'ಲೆನ್ಸ್' ಎಂದು ಹೆಸರು. ನಡು ಉಬ್ಬಿ ಅಂಚು ತೆಳುವಾದ ಗಾಜಿನ ಬಿಲ್ಲೆಯನ್ನು ಕಂಡಾಗ ಪಾಶ್ಚಾತ್ಯರಿಗೆ ಆ ಕಾಳು ನೆನಪಾಯಿತು. ನಮ್ಮವರು ಬೇಳೆಯನ್ನು ಬದಲಿಸದೆ ಭಾಷೆಯನ್ನಷ್ಟೇ ಬದಲಿಸಿದರು. ಕಣ್ಣಿಗೆ ಅಂಟಿಕೊಂಡೇ ಇರುವ ಕಾಂಟ್ಯಾಕ್ಟ್ ಲೆನ್ಸನ್ನು ಸ್ಪರ್ಶಮಸೂರ ಎಂದು ಕೆಲವರು ಬರೆಯುತ್ತಾರೆ. ಪದವೇನೋ ಸೊಗಸಾಗಿದೆ. ಆದರೆ ಅದನ್ನು ನಿತ್ಯ ತೊಡುವವರು ಯಾರೂ ಆಡುವುದಿಲ್ಲವಾದ್ದರಿಂದ ನಾನೂ ಲೆನ್ಸ್ ಎಂದೇ ಹೇಳುತ್ತೇನೆ.

ಈ ಲೆನ್ಸನ್ನು ತೊಟ್ಟವರು ಥಾರ್ ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ಒಂದೆರಡು ರಾತ್ರಿ ಕಳೆದರೆ ಕಣ್ಣಿನ ಗತಿಯೇನು ಎಂಬುದು ಇಂದಿನ ವಿಷಯ. ವಿಷಯ ಅಲ್ಪವೆನಿಸಬಹುದು. ಆದರೆ ನಮ್ಮ ಊರುಗಳಿಂದ ರಜೆಯಲ್ಲಿ ಜೈಸಲ್ಮೇರಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಸಮ್ ಮರಳುದಿಬ್ಬಗಳಲ್ಲಿಯೋ ನೈರುತ್ಯದ ಖೂರಿ ಗ್ರಾಮದ ಬಳಿಯೋ ಬಿಡಾರ ಹೂಡುವ ತರುಣ ತರುಣಿಯರು ಈಗ ಬಹಳ. ಅವರಲ್ಲಿ ಲೆನ್ಸ್ ತೊಡುವವರೂ ಕಡಮೆಯಿಲ್ಲ. ಅದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವ ಹಿರಿಯರ ಪಂಕ್ತಿಗೆ ನಾನು ಸೇರಲಾರೆ. ನನ್ನ ಮೊಮ್ಮಗಳ ಕಣ್ಣಿನ ದೋಷ ಮೈನಸ್ ಎಂಟು. ಅಷ್ಟು ಬಲದ ಕನ್ನಡಕದೊಳಗಿಂದ ನೋಡಿದರೆ ಲೋಕವೇ ಚಿಕ್ಕದಾಗಿ ಕಾಣುತ್ತದೆ, ಅಂಚಿನಲ್ಲಿ ಬಾಗುತ್ತದೆ. ಲೆನ್ಸು ಕಣ್ಣಿನ ಮೇಲೆಯೇ ಕೂರುವುದರಿಂದ ವಸ್ತುಗಳು ತಮ್ಮ ಅಳತೆಗೆ ಹತ್ತಿರವಾಗಿ ಕಾಣುತ್ತವೆ. ಮರುಭೂಮಿಯ ರಾತ್ರಿಯ ಆಕಾಶವನ್ನು ಹಾಗೆ ನೋಡಬೇಕೆಂಬ ಆಸೆ ಅವಳಿಗಿದ್ದರೆ ಅದು ತಪ್ಪೇ?

ಲೆನ್ಸಿನ ಇತಿಹಾಸ ದೀರ್ಘವಾದದ್ದು. ಎರಡು ಮಾತು ಸಾಕು. ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ವೈದ್ಯನಾಗಿದ್ದ ಅಡಾಲ್ಫ್ ಫಿಕ್ 1888ರಲ್ಲಿ ತನ್ನ ಗಾಜಿನ ಲೆನ್ಸಿನ ವಿವರವನ್ನು ಪ್ರಕಟಿಸಿದ. ಮೊದಲು ಮೊಲಗಳಿಗೆ, ಆಮೇಲೆ ತನಗೆ, ಕೊನೆಗೆ ರೋಗಿಗಳಿಗೆ ಅದನ್ನು ತೊಡಿಸಿದ. ಆ ಗಾಜನ್ನು ಕೆಲವು ಗಂಟೆಗಳಿಗಿಂತ ಹೆಚ್ಚು ತಡೆದುಕೊಳ್ಳುವುದು ಆಗುತ್ತಿರಲಿಲ್ಲ. ಇಂದಿನ ಮೆದು ಲೆನ್ಸಿನ ಜನಕ ಚೆಕ್ ರಸಾಯನವಿಜ್ಞಾನಿ ಓಟೊ ವಿಖ್ಟರ್ಲೆ. ಸರಕಾರದ ಬೆಂಬಲ ತಪ್ಪಿಹೋದಾಗ ಆತ ಎದೆಗುಂದಲಿಲ್ಲ. 1961ರ ಕ್ರಿಸ್‌ಮಸ್ ವೇಳೆಗೆ ಮನೆಯಲ್ಲೇ ಮಕ್ಕಳ ಆಟದ ಜೋಡಣೆ ಸಾಮಾನು, ಸೈಕಲ್ಲಿನ ಡೈನಮೊ ಇವುಗಳಿಂದ ಯಂತ್ರವೊಂದನ್ನು ಕಟ್ಟಿ ಅದರಲ್ಲಿ ನೀರುಂಡ ಮೆದು ಪ್ಲಾಸ್ಟಿಕ್ಕಿನ ಲೆನ್ಸುಗಳನ್ನು ತಿರುಗಿಸಿ ತೆಗೆದ. ನೀರುಂಡ ಎಂಬ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮರುಭೂಮಿಯಲ್ಲಿ ತೊಂದರೆ ಹುಟ್ಟುವುದೇ ಅಲ್ಲಿ.

ಕಣ್ಣಾಲಿಯ ಮುಂಭಾಗದ ಗಾಜಿನಂಥ ಪೊರೆಗೆ ಕಾರ್ನಿಯ ಎಂದು ಹೆಸರು. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಹಾಗಾಗಿ ಅದು ತನಗೆ ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಪಡೆಯುತ್ತದೆ. ಕಣ್ಣೀರೆಂದರೆ ಅತ್ತಾಗ ಹರಿಯುವುದಷ್ಟೇ ಅಲ್ಲ. ಎಚ್ಚರವಿರುವಷ್ಟು ಹೊತ್ತೂ ಕಾರ್ನಿಯದ ಮೇಲೆ ಅದರ ಪೊರೆಯೊಂದು ಹರಡಿರುತ್ತದೆ: ಅಡಿಯಲ್ಲಿ ಲೋಳೆ, ನಡುವೆ ನೀರು, ಮೇಲೆ ನೀರು ಆರದಂತೆ ಕಾಯುವ ಎಣ್ಣೆಯ ತೆಳು ಪದರ. ಎಲ್ಲವೂ ಸೇರಿ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ದಪ್ಪ. ಕೆಲವು ಕ್ಷಣಗಳಲ್ಲಿ ಈ ಪೊರೆ ಅಲ್ಲಲ್ಲಿ ಒಡೆಯತೊಡಗುತ್ತದೆ. ರೆಪ್ಪೆ ಮುಚ್ಚಿ ತೆರೆದು ಅದನ್ನು ಮತ್ತೆ ಹಾಸುತ್ತದೆ. ನಿಮಿಷಕ್ಕೆ ಹದಿನೈದು ಸಲ, ನಮ್ಮ ಅರಿವಿಗೆ ಬಾರದಂತೆ ಈ ಕೆಲಸ ನಡೆದಿರುತ್ತದೆ.

ಮಹಾಭಾರತದ ನಳೋಪಾಖ್ಯಾನ ಇಲ್ಲಿ ನೆನಪಾಗುತ್ತದೆ. ಕನಕದಾಸರ 'ನಳಚರಿತ್ರೆ'ಯ ಮೂಲಕ ಕನ್ನಡಿಗರಿಗೆ ಆ ಕಥೆ ಆಪ್ತವಾದದ್ದು. ಸ್ವಯಂವರಕ್ಕೆ ನಾಲ್ವರು ದೇವತೆಗಳು ನಳನ ರೂಪ ಧರಿಸಿ ಬಂದು ಕೂತಾಗ ದಮಯಂತಿ ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ವ್ಯಾಸಭಾರತದ ಪ್ರಕಾರ ದೇವತೆಗಳು ಬೆವರಿರಲಿಲ್ಲ, ಅವರ ಮೈಗೆ ಧೂಳು ಅಂಟಿರಲಿಲ್ಲ, ಅವರ ಕಣ್ಣು ಎವೆಯಿಕ್ಕುತ್ತಿರಲಿಲ್ಲ. ಅನಿಮಿಷರೆಂಬ ಹೆಸರೇ ಅದರಿಂದ ಬಂದದ್ದು. ಬೆವರಿದವನು, ಧೂಳು ಹಿಡಿದವನು, ರೆಪ್ಪೆ ಬಡಿಯುವವನು ನಳ. ಧೂಳನ್ನೂ ರೆಪ್ಪೆಯನ್ನೂ ಒಟ್ಟಿಗೆ ಹೇಳಿದ ಆ ಕವಿಯ ಕಣ್ಣು ಎಷ್ಟು ಸೂಕ್ಷ್ಮವಾದದ್ದು! ಧೂಳು ಅಂಟದವನಿಗೆ ರೆಪ್ಪೆಯ ಹಂಗೇಕೆ?

ಈ ತೆಳು ಪೊರೆಯ ನಡುವೆ ನಾವು ಲೆನ್ಸನ್ನು ಇಡುತ್ತೇವೆ. ಅತಿ ತೆಳುವಾದ ಲೆನ್ಸೂ ಆ ಪೊರೆಗಿಂತ ಹತ್ತಾರು ಪಟ್ಟು ದಪ್ಪ. ಅದು ಕಣ್ಣೀರನ್ನು ಮೇಲಿನದು ಕೆಳಗಿನದು ಎಂದು ಎರಡು ಪಾಲು ಮಾಡುತ್ತದೆ. ಮೇಲಿನ ಪಾಲು ಬಡವಾಗಿ ಬೇಗ ಒಡೆಯುತ್ತದೆ. ನಮ್ಮ ಮಲೆನಾಡಿನ ಆರ್ದ್ರ ಹವೆಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಜೈಸಲ್ಮೇರಿನಲ್ಲಿ ವರ್ಷದ ಸರಾಸರಿ ಮಳೆ ಬಹಳ ಕಡಮೆ. ಆ ಒಣಗಾಳಿ ಲೆನ್ಸಿನ ಮೇಲ್ಮೈಯಿಂದ ನೀರನ್ನು ಹೀರುತ್ತದೆ. ಲೆನ್ಸು ಕೆಳಗಿನ ಕಣ್ಣೀರನ್ನು ಹೀರುತ್ತದೆ. ಕ್ರಮೇಣ ಅದು ಒಣಗಿ, ಆಕಾರ ಬಿಗಿದು, ಕಣ್ಣಿಗೆ ಕಚ್ಚಿಕೊಳ್ಳುತ್ತದೆ, ದೃಷ್ಟಿ ಮಂಜಾಗುತ್ತದೆ. ನೀರಿನ ಅಂಶ ಹೆಚ್ಚಿರುವ ಲೆನ್ಸೇ ಕಣ್ಣಿಗೆ ತಂಪೆಂದು ಹಲವರು ಭಾವಿಸುತ್ತಾರೆ. ಒಣಹವೆಯಲ್ಲಿ ಸಾಮಾನ್ಯವಾಗಿ ಅದಕ್ಕೆ ತದ್ವಿರುದ್ಧ: ಹೆಚ್ಚು ಹೊತ್ತದ್ದು ಹೆಚ್ಚು ಕಳೆದುಕೊಳ್ಳುತ್ತದೆ. 1990ರ ದಶಕದ ಕೊನೆಯಲ್ಲಿ ಬಂದ ಸಿಲಿಕೋನ್ ಹೈಡ್ರೊಜೆಲ್ ಲೆನ್ಸುಗಳು ಆಮ್ಲಜನಕವನ್ನು ನೀರಿನ ಮೂಲಕವಷ್ಟೇ ಅಲ್ಲದೆ ಸಿಲಿಕೋನಿನ ಮೂಲಕವೂ ಸಾಗಿಸುತ್ತವಾದ್ದರಿಂದ ಕಡಮೆ ನೀರಿನಲ್ಲೂ ಕೆಲಸ ನಡೆಸುತ್ತವೆ.

ಇನ್ನು ಧೂಳು. ಮರಳೂ ಧೂಳೂ ಒಂದೇ ಎಂದು ನಾವು ತಿಳಿಯುತ್ತೇವೆ. ಬ್ರಿಟಿಷ್ ಸೈನ್ಯದ ಇಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್ ಲಿಬಿಯದ ಮರುಭೂಮಿಯಲ್ಲಿ ಅಲೆದು, ಗಾಳಿ ಮರಳನ್ನು ಹೊರುವ ಬಗೆಯನ್ನು ಕುರಿತು 1941ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಮರಳಿನ ಕಣ ಭಾರವಾದದ್ದು. ಗಾಳಿಯಲ್ಲಿ ಅದು ತೇಲುವುದಿಲ್ಲ, ಕುಪ್ಪಳಿಸುತ್ತದೆ. ಹೆಚ್ಚಿನ ಕಣಗಳು ಮೊಣಕಾಲಿನ ಎತ್ತರದೊಳಗೇ ಜಿಗಿದು ಬೀಳುತ್ತವೆ. ಅದಕ್ಕಿಂತ ನುಣುಪಾದ ಧೂಳು ಮಾತ್ರ ಮೇಲೇರಿ ಗಂಟೆಗಟ್ಟಲೆ ತೇಲುತ್ತದೆ. ಹಾಗಾದರೆ ಒಂಟೆಯ ಮೇಲೆ ಕೂತವನ ಕಣ್ಣಿಗೆ ಬರುವುದು ಬಹುಮಟ್ಟಿಗೆ ಧೂಳು; ದಿಬ್ಬದ ಮೇಲೆ ಚಾಪೆ ಹಾಸಿ ನಕ್ಷತ್ರ ನೋಡುತ್ತ ಮಲಗಿದವನ ಕಣ್ಣಿಗೆ ಮರಳೇ ಬರುತ್ತದೆ. ಒಂಟೆಗೇನೋ ಉದ್ದನೆಯ ರೆಪ್ಪೆಗೂದಲು ಎರಡು ಸಾಲು ಉಂಟು, ಅಡ್ಡವಾಗಿ ಸರಿಯುವ ಮೂರನೆಯ ರೆಪ್ಪೆಯೂ ಉಂಟು. ಸವಾರನಿಗೆ ಪಕ್ಕಗಳೂ ಮುಚ್ಚಿರುವ ತಂಪು ಕನ್ನಡಕವೇ ಗತಿ. ಲೆನ್ಸ್ ತೊಟ್ಟವರಿಗೆ ಇದು ಗಾಳಿಗೂ ಮರೆ, ಧೂಳಿಗೂ ತಡೆ.

ಗಟ್ಟಿ ಲೆನ್ಸು ಕಾರ್ನಿಯಕ್ಕಿಂತ ಚಿಕ್ಕದು, ಕಣ್ಣೀರಿನ ಮೇಲೆ ತೇಲುತ್ತಿರುತ್ತದೆ. ಅದರಡಿಗೆ ಒಂದು ಕಣ ನುಗ್ಗಿದರೆ ಕತ್ತಿಯಿಂದ ಇರಿದಂತೆ ನೋವು. ಮೆದು ಲೆನ್ಸು ಕಾರ್ನಿಯವನ್ನು ದಾಟಿ ಬಿಳಿಗುಡ್ಡೆಯ ಮೇಲೂ ಹರಡಿರುವುದರಿಂದ ಕಣ ಒಳಹೋಗುವುದು ಕಡಮೆ. ಆದರೆ ಒಳಹೊಕ್ಕಾಗ ನೋವನ್ನು ಮರೆಮಾಚುವ ಗುಣವೂ ಅದಕ್ಕುಂಟು. ಕಾರ್ನಿಯ ಶಂಕುವಿನಂತೆ ಮುಂದೆ ಚಾಚುವ ರೋಗ ಬಲಿತವರಿಗೆ ಸಾಮಾನ್ಯವಾಗಿ ಕನ್ನಡಕದಿಂದ ದೃಷ್ಟಿ ಸರಿಯಾಗದು. ಗಟ್ಟಿ ಲೆನ್ಸೇ ಬೇಕು. ಅಂಥವರು ಬಿಳಿಗುಡ್ಡೆಯ ಮೇಲೆ ಕೂತು ಕಾರ್ನಿಯವನ್ನು ಮುಟ್ಟದೆ ಕಮಾನಿನಂತೆ ನಿಲ್ಲುವ ದೊಡ್ಡ ಲೆನ್ಸಿನ ವಿಷಯವನ್ನು ಹೊರಡುವುದಕ್ಕೆ ಬಹಳ ಮುಂಚೆಯೇ ವೈದ್ಯರಲ್ಲಿ ವಿಚಾರಿಸಬೇಕು.

ಒಣಹವೆ, ಧೂಳು ಎರಡನ್ನೂ ಹೇಳಿದ್ದಾಯಿತು. ಆದರೆ ಕಣ್ಣನ್ನು ಕೆಡಿಸುವುದರಲ್ಲಿ ಇವೆರಡಕ್ಕಿಂತಲೂ ಬಿಡಾರದ ದಿನಚರಿಯೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ಖೂರಿಯ ಕಡೆ ನಾವೊಂದು ಹತ್ತು ಜನ ಡೇರೆಗಳಲ್ಲಿ ತಂಗಿದ್ದೆವು. ನಮ್ಮೊಡನಿದ್ದ ತರುಣ ಅಧ್ಯಾಪಿಕೆಯೊಬ್ಬರು ರಾತ್ರಿ ಬೆಂಕಿಯ ಸುತ್ತ ಹಾಡು ಕೇಳುತ್ತ ಕೂತು, ಆಮೇಲೆ ಚಳಿಗೆ ಬೇಸತ್ತು ಲೆನ್ಸ್ ತೆಗೆಯದೆ ಮಲಗಿಬಿಟ್ಟರು. ಬೆಳಗ್ಗೆ ಕಣ್ಣು ಕೆಂಡ. ಲೆನ್ಸು ಕಚ್ಚಿಕೊಂಡು ಬಿಟ್ಟುಬರಲೊಲ್ಲದು. ಡೇರೆಯ ಹುಡುಗ ಪಾಪ, ಒಳ್ಳೆಯ ಮನಸ್ಸಿನಿಂದ ಮಡಕೆಯ ತಣ್ಣೀರು ತಂದುಕೊಟ್ಟ. ಆಕೆ ಬೊಗಸೆಯೊಡ್ಡಿದ್ದೂ ಆಯಿತು. ನಮ್ಮ ಗುಂಪಿನಲ್ಲಿ ನಿವೃತ್ತರಾದ ದಾದಿಯೊಬ್ಬರಿದ್ದರು. "ತಡೆಯಮ್ಮಾ, ಆ ನೀರು ಮಾತ್ರ ಬೇಡ" ಎಂದು ಕೈಹಿಡಿದರು. ತಮ್ಮ ಚೀಲದಿಂದ ಒಡೆಯದ ಕೃತಕ ಕಣ್ಣೀರಿನ ಪುಟ್ಟ ಕೊಳವೆಗಳನ್ನು ತೆಗೆದು ಹನಿ ಹನಿಯಾಗಿ ಹಾಕಿ, ಮೆಲ್ಲಗೆ ರೆಪ್ಪೆ ಬಡಿಯಹೇಳಿದರು. ಅರ್ಧ ಗಂಟೆಯ ಮೇಲೆ ಲೆನ್ಸು ಸಡಿಲವಾಗಿ ಬಂತು. ಅಂದೇ ಜೈಸಲ್ಮೇರಿಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದೆವು. ಹುಣ್ಣಾಗಿರಲಿಲ್ಲ.

ಆ ದಾದಿಯ ಎಚ್ಚರಿಕೆಗೆ ಕಾರಣವಿದೆ. ಅಕಾಂತಮೀಬ ಎಂಬ ಏಕಕೋಶಜೀವಿ ಮಣ್ಣಿನಲ್ಲಿ, ಧೂಳಿನಲ್ಲಿ, ಬಾವಿಯ ನೀರಿನಲ್ಲಿ, ನಲ್ಲಿಯ ನೀರಿನಲ್ಲಿಯೂ ಇರುತ್ತದೆ. ಬರಗಾಲ ಬಂದರೆ ತನ್ನ ಸುತ್ತ ಗೋಡೆ ಕಟ್ಟಿಕೊಂಡು ವರ್ಷಗಟ್ಟಲೆ ಕಾಯುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅದಕ್ಕೆ ಲೆಕ್ಕವಿಲ್ಲ. ಕುಡಿದರೆ ಏನೂ ಆಗದ ನೀರು ಲೆನ್ಸಿನೊಡನೆ ಕಣ್ಣಿಗೆ ಹೋದರೆ ಕಾರ್ನಿಯವನ್ನೇ ತಿನ್ನಬಲ್ಲುದು. ಚಿಕಿತ್ಸೆ ತಿಂಗಳುಗಟ್ಟಲೆ, ಎಷ್ಟೋ ಸಲ ದಾನಿಯ ಕಾರ್ನಿಯವೇ ಬೇಕಾಗುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ರೋಗ ಹೆಚ್ಚಿದಾಗ ವಿಚಾರಿಸಿ ನೋಡಿದರೆ, ಮನೆಯಲ್ಲೇ ಉಪ್ಪಿನ ಮಾತ್ರೆ ಕರಗಿಸಿ ಮಾಡಿಕೊಂಡ ದ್ರಾವಣ ಬಳಸಿದವರು ಅವರಲ್ಲಿ ಬಹಳ ಮಂದಿ ಇದ್ದರು. ಆದ್ದರಿಂದ ಲೆನ್ಸಿಗೆ ಮಡಕೆಯ ನೀರು, ಬಾಟಲಿಯ ನೀರು, ಕಾಯಿಸಿದ ನೀರು, ಎಂಜಲು ಯಾವುದೂ ಸಲ್ಲದು. ಲೆನ್ಸ್ ತೊಟ್ಟು ಮಲಗುವುದರಿಂದ ಸೋಂಕಿನ ಸಂಭವ ಹಲವು ಪಟ್ಟು ಹೆಚ್ಚುತ್ತದೆ, ಏಕೆಂದರೆ ಮುಚ್ಚಿದ ರೆಪ್ಪೆಯಡಿಯಲ್ಲಿ ಗಾಳಿಯ ಆಮ್ಲಜನಕವೂ ಇಲ್ಲ, ತೊಳೆಯುವ ರೆಪ್ಪೆಬಡಿತವೂ ಇಲ್ಲ.

ಮೊಮ್ಮಗಳು ಕೇಳಿದಾಗ ನಾನು ಹೇಳಿದ್ದು ಇಷ್ಟು. ದಿನಕ್ಕೊಂದು ಜೋಡಿ ತೊಟ್ಟು ಎಸೆಯುವ ಲೆನ್ಸುಗಳನ್ನೇ ಒಯ್ಯಬೇಕು. ಡಬ್ಬಿ ದ್ರಾವಣಗಳ ಗೊಡವೆಯೇ ಬೇಡ. ದಿನಕ್ಕೆ ಒಂದೆರಡು ಜೋಡಿ ಹೆಚ್ಚೇ ಇರಲಿ. ಮರಳಿನ ಮೇಲೆ ಬಿದ್ದ ಲೆನ್ಸನ್ನು ತೊಳೆದು ತೊಡುವ ಮಾತೇ ಇಲ್ಲ. ಕೈತೊಳೆಯಲೆಂದೇ ಒಂದು ಬಾಟಲಿ ನೀರು, ತುಂಡು ಸಾಬೂನು, ನೂಲು ಬಿಡದ ಶುಭ್ರವಾದ ಬಟ್ಟೆ ಇರಲಿ. ಕೈ ಪೂರ್ತಿ ಒಣಗಿದ ಮೇಲೆಯೇ ಲೆನ್ಸನ್ನು ಮುಟ್ಟಬೇಕು. ಕೈಗೆ ಸವರುವ ಮದ್ಯಸಾರದ ದ್ರವದ ಶೇಷ ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು. ಬಿಸಿಲಿನ ಲೇಪನ ಹಚ್ಚುವುದು ಲೆನ್ಸ್ ತೊಟ್ಟ ಮೇಲೆ. ಕೃತಕ ಕಣ್ಣೀರು ಸಂರಕ್ಷಕ ಬೆರೆಸದೆ ಒಂದೊಂದು ಸಲಕ್ಕೆಂದು ತುಂಬಿದ್ದಾಗಿರಲಿ. ಸಂಜೆ ಬೆಂಕಿ ಹೊತ್ತಿಸುವ ಮೊದಲೇ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಬೇಕು. ಇಲ್ಲಿ ಅವಳು ಮುಖ ಸಣ್ಣದು ಮಾಡಿದಳು. ನಕ್ಷತ್ರಗಳಿಗಾಗಿಯೇ ತಾನು ಹೋಗುವುದು ಎಂದಳು. ಹೊಗೆಯಿಲ್ಲದ ಜಾಗದಲ್ಲಿ ಒಂದು ಗಂಟೆ ಹೆಚ್ಚು ತೊಟ್ಟುಕೊಳ್ಳಬಹುದು, ಮಲಗುವಾಗ ಮಾತ್ರ ಕೂಡದು ಎಂದು ರಾಜಿಯಾದೆವು. ಹೋಗುವುದು ಅಕ್ಟೋಬರಿನಿಂದ ಮಾರ್ಚಿಯೊಳಗೆ. ಬೇಸಗೆಯ ಆಂಧಿ ಬೀಸುವ ದಿನಗಳಲ್ಲಿ ಲೆನ್ಸಿನ ಮಾತು ಬಿಡಿ, ಬರಿಗಣ್ಣನ್ನು ತೆರೆಯುವುದೇ ಕಷ್ಟ.

ಗಾಳಿಯೆದ್ದರೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಬೇಕು. ಕಣ ಬಿದ್ದರೆ ಉಜ್ಜಲೇಬಾರದು. ಕೈತೊಳೆದು ಮೊದಲು ಲೆನ್ಸ್ ತೆಗೆದು, ಆಮೇಲೆ ಹನಿ ಹಾಕಬೇಕು. ಲೆನ್ಸ್ ತೆಗೆದ ಮೇಲೂ ನೋವು, ಕೆಂಪು ಉಳಿದರೆ, ಬೆಳಕು ಸಹಿಸದಿದ್ದರೆ, ದೃಷ್ಟಿ ಮಂಜಾದರೆ, ಬಿಡಾರದ ಮಿಕ್ಕ ಕಾರ್ಯಕ್ರಮವನ್ನು ಬಿಟ್ಟು ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ನಮ್ಮ ಮನೆಗಳ ನಂದಿಬಟ್ಟಲು ಹೂವಿನ ರಸ, ಎದೆಹಾಲು ಇವಾವುವೂ ಆ ಕಣ್ಣಿಗೆ ಬೇಡ. ಔಷಧದ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಸ್ಟೆರಾಯ್ಡ್ ಬೆರೆತ ಹನಿಯಂತೂ ಇನ್ನೂ ಅಪಾಯ. ಕೆಂಪನ್ನು ಇಳಿಸಿ ಸಮಾಧಾನ ಕೊಡುತ್ತಲೇ ಒಳಗಿನ ಸೋಂಕಿಗೆ ಅದು ದಾರಿ ಬಿಡುತ್ತದೆ. ತೆಗೆದ ಲೆನ್ಸನ್ನು ಎಸೆಯದೆ ಒಯ್ದರೆ ಅದರಿಂದಲೇ ರೋಗಾಣುವನ್ನು ಪತ್ತೆಹಚ್ಚಲು ವೈದ್ಯರಿಗೆ ಸಾಧ್ಯವಾಗಬಹುದು.

ಕನ್ನಡಕವನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಒಯ್ಯುವುದು ಮೇಲು. ಅದರ ಮೇಲೆ ಮರಳು ಕೂತಾಗ ಸೀರೆಯ ಸೆರಗಿನಿಂದಲೋ ಪಂಚೆಯ ಅಂಚಿನಿಂದಲೋ ಒರಸುವುದು ನಮ್ಮೆಲ್ಲರ ಅಭ್ಯಾಸ. ಮರಳು ಗಾಜನ್ನು ಗೀರುತ್ತದೆ. ಮೊದಲು ಊದಿ, ಸಾಧ್ಯವಾದರೆ ಒಂದಿಷ್ಟು ನೀರು ಹಾಯಿಸಿ, ಆಮೇಲೆ ಒರಸಬೇಕು. ಕನ್ನಡಕಕ್ಕಾದರೆ ಮಡಕೆಯ ನೀರೂ ನಡೆಯುತ್ತದೆ.