ದಮ್ಮೆಲ್ಲಾ ಅಸ್ತಮಾ ಅಲ್ರಿ
ಶಿರೋಳದ ಕಬ್ಬಿನ ಹೊಲದಾಗ ಬಿದ್ದು, ಕಾಲು ಮುರ್ಕೊಂಡು, ಪ್ಲಾಸ್ಟರ್ ಹಾಕಿಸ್ಕೊಂಡು ಮಲಗಿದವ್ರು ಕೇಳ್ರಿ. ಅಲುಗಾಡದ ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತು ಮೇಲೇರಿ, ಹೃದಯ ದಾಟಿ, ಶ್ವಾಸಕೋಶದ ರಕ್ತನಾಳಕ್ಕ ಬಿರಡೆ ಹಂಗ ಕೂಡತೈತಿ.

ಒಂದೇ ಕಾಲಿಗೆ ಬಾವು. ಒಮ್ಮೆಲೇ ದಮ್ಮು. ಉಸಿರೆಳೆದ್ರ ಎದಿ ಚುಚ್ಚತೈತಿ, ಕೆಲವ್ರಿಗೆ ಕೆಮ್ಮಿನಾಗ ರಕ್ತ. ಎಕ್ಸ್-ರೇ ನಾರ್ಮಲ್ ಬಂತಂತ ಸುಮ್ಮನಾಗಬ್ಯಾಡ್ರಿ. ಹೆಪ್ಪು ಕಾಣೂದು ಸಿ.ಟಿ. ಆಂಜಿಯೋಗ್ರಾಂದಾಗ.

ಇದಕ್ಕ ಔಷಧಿ ಅಂದ್ರ ಮೊದಲು ಹೆಪಾರಿನ್ ಇಂಜೆಕ್ಷನ್, ಆಮ್ಯಾಲ ರಕ್ತ ತೆಳು ಮಾಡೋ ಗುಳಿಗಿ, ಕನಿಷ್ಠ 3 ತಿಂಗಳು. ಆರಾಮಾತಂತ ನಡುವ ಬಿಡೋದು ನಮ್ಮ ಮಂದಿ ಚಾಳಿ. ಅಪಾಯ ಅಲ್ಲೇ ಐತಿ.

ಅಷ್ಟಾದ್ರೂ ದಮ್ಮು ಇಳೀಲಿಲ್ಲಂದ್ರ ಡಾಕ್ಟರಿಗೆ ಎಕೋ, ವಿ-ಕ್ಯೂ ಸ್ಕ್ಯಾನ್ ಬಗ್ಗೆ ಕೇಳ್ರಿ. ಹೆಪ್ಪು ಕರಗದ ನಾಳಕ್ಕ ಅಂಟಿ ಉಳಿದಿದ್ರ, ಆ ಹಳೇ ಹೆಪ್ಪು ಸುಲಿದು ತೆಗಿಯೋ ಆಪರೇಷನ್ ಬೆಂಗಳೂರಿನ ನಾರಾಯಣ ಹೃದಯಾಲಯದಾಗ ಆಗತೈತಿ.

ದಮ್ಮು ಒಮ್ಮೆಲೇ ಹತ್ತಿದ್ರ ಕಷಾಯ ಕಾಯಿಸ್ತ ಕೂಡಬ್ಯಾಡ್ರಿ, 108ಕ್ಕ ಫೋನ್ ಹಚ್ಚರಿ.