ಮಂಡಿ ನೋವೇ? ನೀರಿನಲ್ಲಿ ನಡೆಯಿರಿ

ಡಾಕ್ಟರು ನಡೆಯಿರಿ ಅನ್ನುತ್ತಾರೆ, ಮಂಡಿ ಕೇಳುವುದಿಲ್ಲ. ಹೀಗಿರುವವರು ಒಮ್ಮೆ ಈಜುಕೊಳದ ಕಡೆ ಹೋಗಿಬನ್ನಿ. ಈಜು ಬರುವುದಿಲ್ಲವೇ? ಚಿಂತೆ ಬೇಡ. ಆಕ್ವಾ ಎಕ್ಸರ್‌ಸೈಜ್ ಅಂದರೆ ಎದೆಮಟ್ಟದ ನೀರಿನಲ್ಲಿ ನಿಂತು ಮಾಡುವ ವ್ಯಾಯಾಮ. ಕಾಲು ತಳದ ಮೇಲೆಯೇ ಇರುತ್ತದೆ.

ನೀರಿಗಿಳಿದವರನ್ನು ನೀರು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಇದೇ ಬಾಯನ್ಸಿ, ತೇಲಿಸುವ ಬಲ. ಸೊಂಟದವರೆಗೆ ಇಳಿದರೆ ಕಾಲಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎದೆಮಟ್ಟದಲ್ಲಿ, 70 ಕೆ.ಜಿ. ತೂಗುವವರ ಕಾಲುಗಳು ಸುಮಾರು 20–25 ಕೆ.ಜಿ. ಹೊತ್ತರೆ ಸಾಕು.

ಭಾರವೇ ಇಲ್ಲದ ಮೇಲೆ ವ್ಯಾಯಾಮ ಎಲ್ಲಿ ಬಂತು ಅನ್ನಬಹುದು. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಬೆರಳು ಜೋಡಿಸಿ, ಅಂಗೈಯಿಂದ ನೀರನ್ನು ತಳ್ಳಿ ನೋಡಿ. ತೋಳು, ಭುಜ ಎರಡೂ ಬಿಗಿಯುತ್ತವೆ. ಅದೇ ಕೈಯನ್ನು ಅಂಚಾಗಿ ತಿರುಗಿಸಿದರೆ ಸಲೀಸಾಗಿ ಜಾರುತ್ತದೆ. ಇದು ರೆಸಿಸ್ಟೆನ್ಸ್, ನೀರು ಒಡ್ಡುವ ತಡೆ. ಕೈಕಾಲಿನ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ನೋವು ಕಂಡರೆ ನಿಧಾನಿಸಿ, ತಡೆ ತಾನಾಗಿ ಇಳಿಯುತ್ತದೆ. ಜಿಮ್ಮಿನ ಕಬ್ಬಿಣಕ್ಕೆ ಈ ಗುಣವಿಲ್ಲ. ಸುತ್ತಲಿನ ನೀರಿನ ಒತ್ತಡದಿಂದ ಪಾದದ ಬಾವೂ ತುಸು ಇಳಿಯುತ್ತದೆ.

ಮೊದಲ ಐದು ನಿಮಿಷ ಮೆಲ್ಲಗೆ ನಡೆಯಿರಿ. ಹಿಮ್ಮಡಿ ಮೊದಲು, ಬೆರಳು ಆಮೇಲೆ. ನಂತರ ಹಿಂದಕ್ಕೆ, ಪಕ್ಕಕ್ಕೆ ಹೆಜ್ಜೆ ಹಾಕಿ. ಅಂಚು ಹಿಡಿದು ಒಂದೊಂದೇ ಕಾಲು ಬೀಸಿ. ಮೊದಮೊದಲು 15–20 ನಿಮಿಷ, ವಾರಕ್ಕೆರಡು ಮೂರು ಸಲ ಸಾಕು. ನೀರಿನಲ್ಲಿ ನಾಡಿಬಡಿತ ಕಡಿಮೆ ತೋರುವುದರಿಂದ ಅದನ್ನು ನಂಬಬೇಡಿ. ಮಾತಾಡುತ್ತ ಮಾಡಲು ಆದರೆ ಹದ ಸರಿಯಿದೆ. ಬೆವರಿದ್ದು ಗೊತ್ತಾಗುವುದಿಲ್ಲ, ನೀರು ಕುಡಿಯಿರಿ. ನೀರಿನಿಂದ ಮೇಲೆ ಬರುವಾಗ ಆತುರ ಬೇಡ, ತಲೆ ತಿರುಗಬಹುದು.

ಮೂಳೆ ಗಟ್ಟಿಯಾಗಲು ಮಾತ್ರ ಮೈಭಾರ ಬೀಳಲೇಬೇಕು. ಹಾಗಾಗಿ ನೆಲದ ನಡಿಗೆಯನ್ನು ಪೂರ್ತಿ ಬಿಡಬೇಡಿ. ಗಾಯ, ಜ್ವರ ಇದ್ದಾಗ ನೀರಿಗಿಳಿಯಬಾರದು. ಹೃದ್ರೋಗ, ಫಿಟ್ಸ್, ಹತೋಟಿಗೆ ಬಾರದ ಬಿ.ಪಿ. ಇದ್ದವರು ಡಾಕ್ಟರನ್ನು ಕೇಳದೆ ಹೋಗಬೇಡಿ.

ಖರ್ಚು ಅಂದರೆ ಕೊಳದ ಶುಲ್ಕ, ಈಜುಡುಗೆ, ಕ್ಯಾಪ್. ಸಾಮಾನ್ಯವಾಗಿ ಕ್ಲಬ್ಬುಗಳಿಗಿಂತ ಪಾಲಿಕೆಯ ಕೊಳ ಅಗ್ಗ. ಬೆಂಗಳೂರಿನ ಜಯನಗರ, ಮೈಸೂರಿನ ಸರಸ್ವತೀಪುರಂ, ಮಂಗಳೂರಿನ ಲೇಡಿಹಿಲ್‌ನಲ್ಲಿ ಸಾರ್ವಜನಿಕ ಈಜುಕೊಳಗಳಿವೆ. ಲೇಡೀಸ್ ಬ್ಯಾಚ್ ಯಾವಾಗ, ಜನ ಕಡಿಮೆ ಇರುವ ಹೊತ್ತು ಯಾವುದು ಎಂದು ವಿಚಾರಿಸಿ. ದುಡ್ಡು ಕಟ್ಟುವ ಮೊದಲು ಕೊಳ ನೋಡಿ. ನಾಲ್ಕಡಿ ಆಳದ ಜಾಗವಿರಬೇಕು, ತಳದ ಟೈಲ್ಸ್ ಸ್ಪಷ್ಟವಾಗಿ ಕಾಣಬೇಕು. ಇಳಿಯಲು ಕಂಬಿಯಿರುವ ಮೆಟ್ಟಿಲಿಲ್ಲದೆ ಬರೀ ಕಬ್ಬಿಣದ ಏಣಿಯಿದ್ದರೆ, ಮಂಡಿ ನೋವಿನವರು ಬೇರೆ ಕೊಳ ಹುಡುಕುವುದೇ ಮೇಲು.